ಸೇದಿದ, ಸೇದುತ್ತಿದ್ದ

ರಾತ್ರಿ ಎರಡೂವರೆ. ಯೆರವಡಾದ ಆರನೇ ಮಹಡಿ.
ತಲೆಗೆ ಹೆಡ್‌ಫೋನು, ಮೊಣಕಾಲ ಮೇಲೆ ಅಜ್ಜಿಯ ಕೌದಿ,
ಇಲ್ಲಿಯ ಏಸಿ ಯಾರ ಮಾತನ್ನೂ ಕೇಳುವುದಿಲ್ಲ.
ಒಂದು ಕಡೆ ಇಂಗ್ಲಿಷು, ಒಂದು ಕಡೆ ಸ್ಪ್ಯಾನಿಷು,
ನಡುವೆ ನಾನು,
ನಿಮಿಷಕ್ಕಿಷ್ಟು ಎಂದು ಬಾಡಿಗೆಗೆ ಬಿಟ್ಟ ಹೊಸ್ತಿಲು.

ಅತ್ತ ಅಮೆರಿಕದ ವಿಮಾ ಕಚೇರಿ, ಇನ್ನೂ ಹಗಲು.
ಇತ್ತ ದೋನ್ಯಾ ಎರ್ಮೀನಿಯಾ, ಎಪ್ಪತ್ತೊಂದು ವಯಸ್ಸು,
ಗಂಡ ಎಲಾದಿಯೊ ತೀರಿಕೊಂಡು ಐದು ವಾರ.
ಸಾಹೇಬ ಫಾರ್ಮು ನೋಡಿ ಓದುತ್ತಾನೆ:
"ಡಿಡ್ ಹಿ ಸ್ಮೋಕ್?"

ಮೂರೇ ಪದ. ತಡೆದು ನಿಂತೆ.
ಈ ಇಂಗ್ಲಿಷಿಗೆ ಕಳೆದದ್ದೆಲ್ಲ ಒಂದೇ ಡಬ್ಬಿ.
ಒಂದು ದಿನ ಸೇದಿದವನೂ ಅದರಲ್ಲೇ,
ನಲವತ್ತು ವರ್ಷ ಸೇದುತ್ತಿದ್ದವನೂ ಅದರಲ್ಲೇ,
ಮುಚ್ಚಳಕ್ಕೆ ಸ್ಮೋಕ್ಡ್ ಎಂದು ಒಂದೇ ಚೀಟಿ.
ಸ್ಪ್ಯಾನಿಷಿನಲ್ಲಿ ಕೇಳಬೇಕಾದರೆ ಮೊದಲು ನಾನೇ ಆರಿಸಬೇಕು:
ಫುಮೋ? ಫುಮಾಬಾ?

ಕರ್ವೆ ರಸ್ತೆ, ಸೈಕಲ್ ಅಂಗಡಿಯ ಮೇಲೆ ಕ್ಲಾಸು,
ಕೆಳಗಿನಿಂದ ಪಂಕ್ಚರ್ ಸೊಲ್ಯೂಶನ್ನಿನ ವಾಸನೆ.
"ಕುಕ್ಕರ್ ಇಟ್ಟಿದ್ದೀರಿ," ಅಂದರು ಖಾಸ್ನೀಸ್ ಬಾಯಿ,
"ಸೀಟಿ ಹೊಡೆಯಿತು. ಒಂದು. ಎರಡು. ಮೂರು.
ಎಣಿಸಬಹುದಲ್ಲ, ಅದೊಂದು ಭೂತ.
ಒಳಗೆ ಬೇಳೆ ಬೇಯುತ್ತಿತ್ತು. ಅದನ್ನು ಎಣಿಸಿ ನೋಡೋಣ?
ಅದು ಇನ್ನೊಂದು ಭೂತ."
ಹಿಂದಿನ ಬೆಂಚಿನ ಹುಡುಗರು ದೆವ್ವದ ದನಿ ತೆಗೆದರು.
ಸೊಲ್ಲಾಪುರದ ನಾನು ಒಳಗೊಳಗೇ ಅಂದುಕೊಂಡೆ:
ಇದೇನು ಮಹಾ! ಬೆಂದಿತು, ಬೇಯುತ್ತಿತ್ತು,
ನಮ್ಮವ್ವ ಒಲೆಯ ಮುಂದೇ ಎರಡನ್ನೂ ಕಲಿಸಿದ್ದಳು
ಪುಸ್ತಕಕ್ಕೆಂದು ಆರುನೂರು ಈಸಿಕೊಳ್ಳದೆ.

"ಫುಮಾಬಾ?" ಎಂದು ಕೇಳಿದೆ.
ಆಚೆ ಒಂದು ಉಸಿರು.
"ಇಲ್ಲಮ್ಮ, ಫುಮಾಬಾ ಅಲ್ಲ. ಫುಮೋ.
ಮಗಳು ಹುಟ್ಟಿದ ದಿನ. ನಮ್ಮಪ್ಪನ ಜೇಬಿನ ಚುಟ್ಟಾ.
ಕೆಮ್ಮಿ ಕೆಮ್ಮಿ ಕಣ್ಣೀರು ತಂದುಕೊಂಡ, ಮೂರ್ಖ."

ಇದನ್ನೀಗ ಆ ಡಬ್ಬಿಗೆ ಇಳಿಸಬೇಕು.
ಹಿ ಸ್ಮೋಕ್ಡ್ ಎನ್ನಲು ಬಾಯಿ ತೆರೆದು ಮುಚ್ಚಿದೆ.
ಅಷ್ಟು ಕಿವಿಗೆ ಬಿದ್ದರೆ ಸಾಕು, ಸಾಹೇಬ
ಹೌದು ಎಂಬ ಚೌಕಕ್ಕೆ ಗುರುತು ಹಾಕಿಯಾನು,
ಮುದುಕಿಯ ದುಡ್ಡು ಹೊಗೆ.
ಸೇರಿಸುವಂತಿಲ್ಲ, ಬಿಡುವಂತಿಲ್ಲ: ಈ ಕೆಲಸದ ಮೊದಲ ನಿಯಮ.
ಕನ್ನಡಕ್ಕೆ ಬಿಟ್ಟಿದ್ದರೆ ಒಂದೇ ಉಸಿರಿನ ಮಾತು,
ಸೇದುತ್ತಿರಲಿಲ್ಲ, ಸೇದಿದ.
ಈ ತಂತಿಯಲ್ಲಿ ಅದನ್ನು ಕೇಳುವವರು ಯಾರಿದ್ದಾರೆ?
ಇಂಗ್ಲಿಷಿನ ಅಟ್ಟದಲ್ಲಿ ತಡಕಾಡಿದೆ, ಕೊನೆಗೆ ಅಂದೆ:
ಅಭ್ಯಾಸವಿರಲಿಲ್ಲ ಸರ್, ಸೇದಿದ್ದು ಒನ್ಸ್,
ಮಗಳು ಹುಟ್ಟಿದ ದಿನ.

ಒನ್ಸ್, ಅದು ನನ್ನದು.
ಆಕೆ ಒಮ್ಮೆ ಎಂದು ಎಲ್ಲಿಯೂ ಅನ್ನಲಿಲ್ಲ.
ಕ್ರಿಯಾಪದದ ಬಾಲದಲ್ಲಿ ಕಟ್ಟಿಟ್ಟಿದ್ದನ್ನು
ಬಿಚ್ಚಿ ಹೊರಗಿಟ್ಟೆ, ಅಷ್ಟೇ.
ಅಷ್ಟೇ ತಾನೆ?
ಕೀಲಿಮಣೆ ಟಕಟಕ ಎಂದು ನಿಂತಿತು.
ಯಾವ ಚೌಕಕ್ಕೆ ಬಿತ್ತೋ, ನನಗೆ ಕಾಣದು.

ಎಷ್ಟು ಹೊತ್ತಿಗೆ ಹೋದರು?
"ಸೆರಿಯಾನ್ ಲಾಸ್ ತ್ರೆಸ್," ಅಂದಳು.
ಮೂರಾಗಿದ್ದೀತು.
ಪುಣೆಗೆ ಬಂದ ಮೇಲೆ ಈ 'ಈತು' ನನ್ನ ಕಿವಿಗೆ ಬಿದ್ದಿರಲಿಲ್ಲ.
ಬಂದಾನು, ಉಂಡಾನು, ಮಳೆ ಬಂದೀತು...
ಕೌದಿಯನ್ನು ಮೇಲೆಳೆದುಕೊಂಡೆ.
ಇಂಗ್ಲಿಷಿಗೆ 'ಮಸ್ಟ್' ಹಾಕಿ ದಾಟಿಸಿದೆ, ಲಾಠಿ ಹಿಡಿದ ಮಾತು.
ಸಾಹೇಬ ಬರೆದುಕೊಂಡ: ಮೂರು ಗಂಟೆ ಸೊನ್ನೆ ನಿಮಿಷ.

ಫೋನು ಇಡುವ ಮೊದಲು, ಯಾರೂ ಕೇಳದೆ, ಆಕೆ:
"ಕಾಂತಾಬಾ."
ಹಾಡುತ್ತಿದ್ದ. ಈರುಳ್ಳಿ ಹುರಿಯುವಾಗ.
ಅದನ್ನೂ ದಾಟಿಸಿದೆ. ಫಾರ್ಮಿನಲ್ಲಿ ಜಾಗವಿರಲಿಲ್ಲ.
"ಎನಿಥಿಂಗ್ ಎಲ್ಸ್?"

ಆರಕ್ಕೆ ಕ್ಯಾಬು. ಸೇತುವೆಯ ಕೆಳಗೆ
ನೀರು ಕಾಣದ ಹಾಗೆ ಜಲಕಳೆ.
ಡ್ರೈವರ್ ಘೋರ್ಪಡೆ ಗೇಟಿನ ಬಳಿ ಇಳಿಸಿ
"ಯೇತೋ" ಅಂದ, ಬರುತ್ತೇನೆ ಅನ್ನುತ್ತಲೇ ಹೊರಟುಹೋದ.
ಮೂರನೇ ಮಹಡಿಯಲ್ಲಿ ಯಾರ ಮನೆಯದೋ ಕುಕ್ಕರು.
ಒಂದು. ಎರಡು.
ಮೆಟ್ಟಿಲ ಮೇಲೆ ಚೀಲ ಇಟ್ಟು
ಮೂರನೆಯದಕ್ಕೆ ಕಾಯುತ್ತಿದ್ದೆ.